ನೇವಾ ಕದನ: ನಡೆದದ್ದೆಷ್ಟು, ಬೆಳೆದದ್ದೆಷ್ಟು?

1240ರ ಜುಲೈ 15ರಂದು ನೇವಾ ನದಿಯ ದಡದಲ್ಲಿ ನಡೆದ ಕಾಳಗದ ಬಗ್ಗೆ ಚಾಲ್ತಿಯಲ್ಲಿರುವ ಕಥೆ ಸರಳವಾಗಿದೆ. ಸ್ವೀಡನ್ನಿನ ಬಿರ್ಗರ್ ಯಾರ್ಲ್ ದೊಡ್ಡ ನೌಕಾಪಡೆ ಕಟ್ಟಿಕೊಂಡು ರಷ್ಯಾವನ್ನೇ ನುಂಗಲು ಬಂದ. ಇಪ್ಪತ್ತರ ಆಸುಪಾಸಿನ ರಾಜಕುಮಾರ ಅಲೆಕ್ಸಾಂಡರ್ ಅವನ ಮುಖಕ್ಕೆ ಈಟಿ ತಿವಿದು ಓಡಿಸಿದ. ಸ್ವೀಡನ್ನರು ಮತ್ತೆ ಅತ್ತ ತಲೆ ಹಾಕಲಿಲ್ಲ. ಕಾಳಗ ನಡೆದದ್ದು ನಿಜ. ಉಳಿದದ್ದರಲ್ಲಿ ಬಹುಪಾಲು ಆಮೇಲೆ ಸೇರಿಕೊಂಡದ್ದು.

ನಮಗಿರುವ ಅತಿ ಹಳೆಯ ಸಾಕ್ಷ್ಯ ನವ್ಗೊರೊದ್ ನಗರದ ವೃತ್ತಾಂತ. ಸ್ವೀಡನ್ನರು ಹಡಗುಗಳಲ್ಲಿ ಬಂದು ಇಝೋರಾ ನದಿ ನೇವಾವನ್ನು ಸೇರುವಲ್ಲಿ ತಂಗಿದರು, ಅಲೆಕ್ಸಾಂಡರ್ ನವ್ಗೊರೊದ್ ಮತ್ತು ಲಾದೊಗದ ಜನರೊಡನೆ ಮೇಲೆ ಬಿದ್ದ, ಉಳಿದವರು ಅದೇ ರಾತ್ರಿ ಹೊರಟುಹೋದರು ಎನ್ನುತ್ತದೆ ಅದು. ಅದರಲ್ಲಿ ಬಿರ್ಗರ್ ಹೆಸರಿಲ್ಲ. ಇರಲು ಕಾರಣವೂ ಇಲ್ಲ, ಆತ ಯಾರ್ಲ್ ಎಂಬ ಉನ್ನತ ಪದವಿಗೆ ಏರಿದ್ದೇ 1248ರಲ್ಲಿ. ಸತ್ತ ಸ್ವೀಡಿಷ್ ನಾಯಕನ ಹೆಸರು ಸ್ಪಿರಿದೋನ್ ಎಂದಿದೆ. ಇದು ಗ್ರೀಕ್ ಮೂಲದ ಹೆಸರು. ಅಂದಿನ ನವ್ಗೊರೊದ್ ಆರ್ಚ್‌ಬಿಷಪ್ಪನ ಹೆಸರೂ ಅದೇ! ಬರೆದವನ ಲೇಖನಿ ಎಲ್ಲೋ ತಡವರಿಸಿದಂತಿದೆ. ನಾರ್ವೆಯವರೂ ಬಂದಿದ್ದರು ಎಂಬ ಮಾತನ್ನೂ ಒಪ್ಪುವುದು ಕಷ್ಟ. ಆ ವರ್ಷ ನಾರ್ವೆಯಲ್ಲಿ ದೊರೆ ಹಾಕೊನ್ ಮತ್ತು ಅವನ ಮಾವ ಸ್ಕೂಲೆ ಅಧಿಕಾರಕ್ಕಾಗಿ ತಮ್ಮತಮ್ಮಲ್ಲೇ ಬಡಿದಾಡುತ್ತಿದ್ದರು.

ಇಷ್ಟು ತಪ್ಪಿರುವಾಗ, ಸ್ವೀಡಿಷ್ ದಾಖಲೆಗಳೂ ಚಕಾರ ಎತ್ತದಿರುವಾಗ, ಇಡೀ ಕದನವೇ ಕಟ್ಟುಕಥೆ ಎಂದರಾಗದೇ ಎಂದು ಕೇಳಬಹುದು. ಆಗದು. ವೃತ್ತಾಂತಕಾರ ಪರದೇಶದವರ ವಿಷಯದಲ್ಲಿ ಎಡವಿದರೂ ತನ್ನೂರಿನವರ ವಿಷಯದಲ್ಲಿ ಎಡವಿಲ್ಲ. ನಮ್ಮ ಕಡೆ ಇಪ್ಪತ್ತು ಮಂದಿ ಬಿದ್ದರು, ಅದಕ್ಕೂ ಕಡಿಮೆ ಇರಬಹುದು, ದೇವರೇ ಬಲ್ಲ ಎಂದು ಬರೆದು ನಾಲ್ವರನ್ನು ಹೆಸರಿಸುತ್ತಾನೆ. ಅವರಲ್ಲೊಬ್ಬ ದ್ರೊಚಿಲೊ, ಚರ್ಮ ಹದಮಾಡುವವನ ಮಗ. ಕಾವ್ಯಕ್ಕೆ ನಾಯಕ ಬೇಕು, ಚರ್ಮ ಹದಮಾಡುವವನ ಮಗನನ್ನು ಯಾರೂ ಸುಮ್ಮನೆ ಹುಟ್ಟಿಸುವುದಿಲ್ಲ. ಗೆದ್ದವರು ತಮ್ಮ ಸಾವುಗಳನ್ನು ಕಡಿಮೆ ಮಾಡಿ ಹೇಳುವುದುಂಟಲ್ಲ ಎಂಬ ಆಕ್ಷೇಪವೂ ಇದೆ. ಆದರೆ 1268ರಲ್ಲಿ ನವ್ಗೊರೊದ್ ಕಾದಿದ ರಕೊವೊರ್ ಯುದ್ಧದ ವಿಷಯ ಬಂದಾಗ ಇದೇ ವೃತ್ತಾಂತ ನಗರಾಧ್ಯಕ್ಷನೂ ಸೇರಿ ಸತ್ತ ಗಣ್ಯರ ಉದ್ದನೆಯ ಪಟ್ಟಿಯನ್ನೇ ಕೊಡುತ್ತದೆ. ನಷ್ಟವನ್ನು ಮುಚ್ಚಿಡುವ ಚಾಳಿ ಅದಕ್ಕಿರಲಿಲ್ಲ. ಹಾಗಾಗಿ ನೇವಾದಲ್ಲಿ ನಡೆದದ್ದು ನಿಜವಾದ, ಆದರೆ ಸಣ್ಣ ಕಾಳಗ ಎಂಬ ತೀರ್ಮಾನವೇ ಸರಿ.

ಸಣ್ಣದಾದರೂ ನಿರ್ಣಾಯಕವಾಗಿರಬಹುದಲ್ಲವೇ? ಈ ವಾದಕ್ಕೆ ತೂಕವಿದೆ. ನವ್ಗೊರೊದ್‌ನ ಸರಕು ಬಾಲ್ಟಿಕ್ ಕಡಲಿಗೆ ಹೋಗುತ್ತಿದ್ದದ್ದು ನೇವಾ ಮೂಲಕವೇ. ಅಲ್ಲಿ ಶತ್ರು ಕೋಟೆ ಕಟ್ಟಿದರೆ ವ್ಯಾಪಾರದ ಕುತ್ತಿಗೆ ಹಿಡಿದಂತೆ. ಆದರೆ ಆ ಜಗ್ಗಾಟ ಅಂದು ಶುರುವಾಗಲೂ ಇಲ್ಲ, ಮುಗಿಯಲೂ ಇಲ್ಲ. 1164ರಲ್ಲೇ ಸ್ವೀಡನ್ನರು ಲಾದೊಗದ ಮೇಲೆ ದಾಳಿ ಮಾಡಿದ್ದರು. 1300ರಲ್ಲಿ ಮತ್ತೆ ಬಂದು ನೇವಾ ದಡದಲ್ಲೇ ಲಾಂಡ್ಸ್‌ಕ್ರೋನಾ ಎಂಬ ಕೋಟೆ ಕಟ್ಟಿದರು, ಮರುವರ್ಷ ರಷ್ಯನ್ನರು ಅದನ್ನು ಕೆಡವಿದರು. ಗಡಿ ಗೊತ್ತಾದದ್ದು 1323ರ ಒಪ್ಪಂದದಲ್ಲಿ.

ಹಾಗಾದರೆ ಈ ವೈಭವ ಬಂದದ್ದೆಲ್ಲಿಂದ? ಅಲೆಕ್ಸಾಂಡರ್ ತೀರಿಕೊಂಡ ಮೇಲೆ ಬರೆದ ಅವನ ಸಂತಚರಿತ್ರೆಯಿಂದ. ಮುಖಕ್ಕೆ ಬಿದ್ದ ಈಟಿ, ಹಡಗಿನ ಹಲಗೆಯ ಮೇಲೆ ಕುದುರೆ ಓಡಿಸಿದ ವೀರ, ಸೈನ್ಯ ಕಾಲಿಡಲಾಗದ ಆಚೆ ದಡದಲ್ಲಿ ದೇವದೂತರು ಕೊಂದ ಶತ್ರುಗಳ ರಾಶಿ, ಎಲ್ಲವೂ ಅಲ್ಲಿಯವು. 1724ರಲ್ಲಿ ಪೀಟರ್ ದೊರೆ, ತಾನೇ ಸ್ವೀಡನ್ನನ್ನು ಸೋಲಿಸಿದ ಮೇಲೆ, ಸಂತನ ಅವಶೇಷಗಳನ್ನು ನೇವಾ ದಡದ ತನ್ನ ಹೊಸ ರಾಜಧಾನಿಗೆ ತರಿಸಿಕೊಂಡ. ಅವನಿಗೆ ಈ ಗೆಲುವು ಬೇಕಾಗಿತ್ತು. 1240ರ ನವ್ಗೊರೊದ್‌ಗೆ ಅಷ್ಟೇನೂ ಬೇಕಾಗಿರಲಿಲ್ಲ: ಅದೇ ಚಳಿಗಾಲದಲ್ಲಿ ಅಲೆಕ್ಸಾಂಡರ್ ಊರಿನವರೊಡನೆ ಜಗಳವಾಡಿಕೊಂಡು, ತಾಯಿ, ಹೆಂಡತಿ, ಪರಿವಾರದ ಸಮೇತ ನಗರ ಬಿಟ್ಟು ಹೋದನೆಂದು ಅದೇ ವೃತ್ತಾಂತ ಬರೆದಿಟ್ಟಿದೆ.