ನಮ್ಮ ಮನೆಯ ಗ್ವಾದಲಿ

ಡಿಸೆಂಬರ್ ಬಂತೆಂದರೆ ನಿಡಗುಂದಿಯ ಸುತ್ತಲಿನ ಹೊಲಗಳಲ್ಲಿ ಬಿಳಿಜೋಳ ಎದೆಮಟ್ಟ ನಿಂತಿರುತ್ತದೆ. ಆಲಮಟ್ಟಿ ಹಿನ್ನೀರಿನ ಕಡೆಯಿಂದ ಬೀಸುವ ಬೆಳಗಿನ ಗಾಳಿಗೆ ಮೈ ನಡುಗುತ್ತದೆ. ಆಗ ನಮ್ಮ ಮನೆಯ ಮಕ್ಕಳಲ್ಲಿ ಒಂದೇ ಜಗಳ: “ಈ ಸಲ ಗ್ವಾದಲಿಗೆ ಕಣಿಕಿ ಹಾಕೋರು ಯಾರು?”

ದನಗಳಿಗೆ ಮೇವು ಹಾಕುವ ಜಾಗಕ್ಕೆ ನಮ್ಮ ಕಡೆ ಗ್ವಾದಲಿ ಅನ್ನುತ್ತಾರೆ. ಕನ್ನಡ ಬೈಬಲಿನಲ್ಲಿ ಬಾಲಯೇಸುವನ್ನು ಮಲಗಿಸಿದ ‘ಗೋದಲಿ’ ಅದೇ. ಪಟ್ಟಣದ ಮಕ್ಕಳಿಗೆ ಗೋದಲಿಯೆಂದರೆ ಕ್ರಿಸ್‌ಮಸ್‌ಗೆ ಬಣ್ಣದ ದೀಪ ಹಾಕಿ ಮಾಡುವ ಅಲಂಕಾರ. ನನಗೆ ಹಾಗಲ್ಲ. ನಾನು ಹುಟ್ಟಿ ಬೆಳೆದ ಮನೆಯೊಳಗೇ ಗ್ವಾದಲಿ ಇತ್ತು.

ಕೃಷ್ಣಾ ದಂಡೆಯ ಹಳ್ಳಿಯಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ತಲಬಾಗಿಲು ದಾಟಿದ ಕೂಡಲೇ ತಗ್ಗಿನಲ್ಲಿ ಎತ್ತು, ಆಕಳು ಕಟ್ಟುವ ಜಾಗ. ಅದರಾಚೆ ಎತ್ತರದ ಪಡಸಾಲೆ. ಪಡಸಾಲೆಯ ಅಂಚಿಗೆ ಕಲ್ಲಿನ ಗ್ವಾದಲಿ. ನಾವು ಮೇಲೆ ಮಲಗಿದರೆ ಎತ್ತುಗಳು ಕೆಳಗೆ ಮೆಲುಕು ಹಾಕುತ್ತಿದ್ದವು. ಅವುಗಳ ಕೊರಳ ಗಂಟೆ ಕೇಳುತ್ತಲೇ ನಮಗೆ ನಿದ್ದೆ ಬರುತ್ತಿತ್ತು.

ನಮ್ಮ ಆಯಿಯ ತವರು ಗುಳೇದಗುಡ್ಡ, ಖಣ ನೇಯುವ ಮನೆತನ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು 1851ರಲ್ಲಿ ಗುಳೇದಗುಡ್ಡದಲ್ಲಿ ನೆಲೆ ಮಾಡಿದರು. ಅವರ ಜೊತೆ ಕ್ರಿಸ್‌ಮಸ್ ಕಥೆಯೂ ಕನ್ನಡದಲ್ಲೇ ಈ ಸೀಮೆಗೆ ಬಂತು. ನಿಘಂಟಿನಿಂದ ನಮಗೆಲ್ಲ ಪರಿಚಿತರಾದ ಕಿಟ್ಟೆಲ್ ಅವರು 1862ರಲ್ಲೇ ಯೇಸುವಿನ ಕಥೆಯನ್ನು ಕನ್ನಡ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದಿದ್ದರು. ಆಯಿ ಮಾತ್ರ ಆ ಕಥೆಯನ್ನು ತನ್ನದೇ ಮಾತಿನಲ್ಲಿ ಹೇಳುತ್ತಿದ್ದಳು. ಡಿಸೆಂಬರ್ 24ರ ರಾತ್ರಿ ಗ್ವಾದಲಿಯಲ್ಲಿ ಹೊಸ ಕಣಿಕಿ ಹರಡಿ, “ನೋಡ್ ತಂಗಿ, ಲೋಕದ ಒಡೆಯನಿಗೆ ತೊಟ್ಟಿಲಾ ಸಿಗಲಿಲ್ಲ. ಇಂಥಾದರಾಗ ಮಲಗಿದ” ಎನ್ನುತ್ತಿದ್ದಳು. ಎತ್ತು ಮೂತಿ ಚಾಚಿ ಆ ಕಣಿಕಿಯನ್ನೇ ಎಳೆದು ತಿಂದರೆ ನಾವು ನಗುತ್ತಿದ್ದೆವು. ಆಯಿಯೂ ನಗುತ್ತಿದ್ದಳು.

ಆಲಮಟ್ಟಿ ಅಣೆಕಟ್ಟೆಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದರು. ನೀರು ನಮ್ಮ ಊರಿನತ್ತ ಏರುವ ಹೊತ್ತಿಗೆ ನನಗೆ ಹನ್ನೊಂದು ವರ್ಷ. ಜನ ತಮ್ಮ ಮನೆಯನ್ನು ತಾವೇ ಕೆಡವಿ, ಬಾಗಿಲು, ತೊಲೆ ಕಿತ್ತು ಗಾಡಿಗೆ ಹೇರಿದರು. ಹೊಸ ಊರಿನಲ್ಲಿ ನಮ್ಮ ಮನೆ ಇನ್ನೂ ಎದ್ದಿರಲಿಲ್ಲ. ತಗಡಿನ ಶೆಡ್ಡಿನಲ್ಲಿ ಇದ್ದೆವು. ಕಟ್ಟಲು ಜಾಗವಿಲ್ಲವೆಂದು ಮುತ್ಯಾ ಎತ್ತು ಮಾರಿದ. ಮಾರಿ ಬಂದ ದಿನ ಊಟ ಮಾಡಲಿಲ್ಲ.

ಆ ವರ್ಷ ಆಯಿ ಕರ್ಚಿಕಾಯಿಗೆ ಹಿಟ್ಟು ನಾದಲಿಲ್ಲ. “ದನಾ ಇಲ್ಲ, ಗ್ವಾದಲಿ ಇಲ್ಲ. ಎಲ್ಲೀ ಹಬ್ಬ?” ಎಂದು ಕೂತುಬಿಟ್ಟಳು. ನಾನು ಆಯಿಯನ್ನು ಹಾಗೆ ನೋಡಿದ್ದು ಅದೇ ಮೊದಲು.

24ರ ಸಂಜೆ ಮುತ್ಯಾ ಕಾಣಲಿಲ್ಲ. ಪಕ್ಕದ ಶೆಡ್ಡಿನ ಕಾಕಾನೂ ಇರಲಿಲ್ಲ. ಕಾಕಾನ ಮನೆಯವರು ಬಸವಣ್ಣನ ಭಕ್ತರು. ಹಳೇ ಊರಿನಲ್ಲೂ ನಮ್ಮ ಗೋಡೆಗೆ ಅವರ ಗೋಡೆ. ಕತ್ತಲಾದ ಮೇಲೆ ಕಾಕಾನ ಗಾಡಿ ಬಂತು. ಅದರ ಮೇಲೆ ನಮ್ಮ ಗ್ವಾದಲಿಯ ಕಲ್ಲು! ನಮ್ಮ ಓಣಿಗೆ ನೀರು ಇನ್ನೂ ಮುಟ್ಟಿರಲಿಲ್ಲ. ಇಬ್ಬರೂ ಹಾರೆ ಹಾಕಿ ಅದನ್ನು ಎಬ್ಬಿಸಿ ತಂದಿದ್ದರು. ಹಣೆಯ ವಿಭೂತಿ ಬೆವರಿಗೆ ಅಳಿಸಿಹೋಗಿದ್ದ ಕಾಕಾ, ತನ್ನ ಬಣಿವೆಯ ಒಂದು ಹೊರೆ ಕಣಿಕಿಯನ್ನೂ ಇಳಿಸಿದ. “ಅಕ್ಕಾ, ನಿಮ್ಮ ದೇವರಿಗೆ ಹಾಸಿಗಿ ತಂದೀವಿ” ಎಂದ.

ಆಯಿ ಏನೂ ಮಾತಾಡಲಿಲ್ಲ. ಕಂದೀಲು ಹಚ್ಚಿ, ಬೈಬಲಿನ ಲೂಕನ ಪುಸ್ತಕದ ಎರಡನೆಯ ಅಧ್ಯಾಯ ಓದಿದಳು. ಚಕ್ರವರ್ತಿ ಔಗುಸ್ತನ ಆಜ್ಞೆಯಂತೆ ಖಾನೇಷುಮಾರಿ ಬರೆಸಲು ಯೋಸೇಫನು ಬಸುರಿ ಮರಿಯಳ ಜೊತೆ ಬೆತ್ಲೆಹೇಮಿಗೆ ಹೊರಟ ಭಾಗವದು. ಅಲ್ಲಿಗೆ ಬಂದು ನಿಲ್ಲಿಸಿ, “ಸರ್ಕಾರದ ಹುಕುಮಿಗೆ ಮನಿ ಬಿಟ್ಟು ಹ್ವಾದವರು ನಾವಷ್ಟ ಅಲ್ಲ ನೋಡ. ಸ್ವಾಮಿ ತಾಯಿನೂ ಹ್ವಾದ್ಲು. ಜಾಗಾ ಇಲ್ಲದವರ ಹತ್ರನ ಅವ ಬಂದ” ಎಂದಳು. ಆಮೇಲೆ ಎದ್ದು ಒಲೆ ಹಚ್ಚಿದಳು. ನಡುರಾತ್ರಿಯವರೆಗೂ ಕರ್ಚಿಕಾಯಿ ಕರಿದಳು. ಮೊದಲ ತಟ್ಟೆ ಕಾಕಾನ ಮನೆಗೆ ಹೋಯಿತು. ಕ್ರಿಸ್‌ಮಸ್ ಎಂದರೇನೆಂದು ನನಗೆ ತಿಳಿದದ್ದು ಆ ರಾತ್ರಿ.

ದೊಡ್ಡವಳಾದ ಮೇಲೆ ಓದಿದೆ: ಪ್ಯಾಲೆಸ್ತೀನಿನ ಹಳ್ಳಿಮನೆಗಳಲ್ಲೂ ಹಿಂದೆ ರಾತ್ರಿ ದನಗಳನ್ನು ಒಳಗೇ ಕಟ್ಟುತ್ತಿದ್ದರಂತೆ. ಜನ ಮಲಗುವ ಎತ್ತರದ ಜಾಗದ ಅಂಚಿನಲ್ಲೇ ಗೋದಲಿ. ಯೇಸು ಹುಟ್ಟಿದ್ದು ಅಂಥದೇ ಮನೆಯಲ್ಲಿರಬಹುದು ಎನ್ನುವ ವಿದ್ವಾಂಸರಿದ್ದಾರೆ. ಇನ್ನೊಂದು ಮಾತು. ಬೆತ್ಲೆಹೇಮ್ ಎಂದರೆ ಹೀಬ್ರೂ ಭಾಷೆಯಲ್ಲಿ ರೊಟ್ಟಿಯ ಮನೆ. ಜೋಳದ ಸೀಮೆಯ ಆಯಿಗೆ ಇದನ್ನು ಹೇಳಿದಾಗ, “ಹಂಗಾದ್ರ ನಮ್ಮೂರs ಅದು” ಎಂದು ನಕ್ಕಿದ್ದಳು.

ಈಗ ಆಯಿ, ಮುತ್ಯಾ ಇಬ್ಬರೂ ಇಲ್ಲ. ನಮ್ಮ ಸಿಮೆಂಟಿನ ಮನೆಯ ಪಡಸಾಲೆಯಲ್ಲಿ ಆ ಕಲ್ಲು ಇದೆ. ಅಂಗಡಿಯಿಂದ ತಂದ ನಕ್ಷತ್ರವೂ ಮಾಳಿಗೆಯ ಮೇಲೆ ಹೊಳೆಯುತ್ತದೆ. ಆದರೆ ಮನೆಯ ಎಲ್ಲಕ್ಕಿಂತ ಚಿಕ್ಕ ಮಗು ಗ್ವಾದಲಿಗೆ ಒಂದು ಹಿಡಿ ಕಣಿಕಿ ಹಾಕದೆ ನಮ್ಮ ಹಬ್ಬ ಶುರುವಾಗುವುದಿಲ್ಲ. ಕರ್ಚಿಕಾಯಿ, ಶಂಕರಪಾಳಿ, ಚಕ್ಕಲಿಯ ಮೊದಲ ತಟ್ಟೆ ಇಂದಿಗೂ ಕಾಕಾನ ಮನೆಗೆ. ಎಳ್ಳ ಅಮಾವಾಸ್ಯೆಗೆ ಅವರ ಹೊಲಕ್ಕೆ ಚರಗ ಚೆಲ್ಲಲು ನಾವೂ ಹೋಗುತ್ತೇವೆ. ಸಜ್ಜೆ ರೊಟ್ಟಿ, ಕಾಳುಪಲ್ಯದ ಬುತ್ತಿಯಲ್ಲಿ ನಮ್ಮ ಪಾಲು ಇದ್ದೇ ಇರುತ್ತದೆ.

ಹೋದ ವರ್ಷ ಕಣಿಕಿ ಹಾಕುವ ಸರದಿ ನನ್ನ ತಮ್ಮನ ಮಗನದು, ನಾಲ್ಕು ವರ್ಷದವನು. ಹಬ್ಬ ಮುಗಿದ ಮರುದಿನ ಆ ಕಣಿಕಿಯನ್ನೆಲ್ಲ ಬಾಚಿಕೊಂಡು ಬಾಗಿಲ ಕಡೆ ಓಡಿದ.

“ಎಲ್ಲಿಗೋ ತಮ್ಮಾ?” ಎಂದೆ.

“ಮುತ್ಯಾನ ಎತ್ತಿಗೆ. ಯೇಸುಸ್ವಾಮಿ ಎದ್ದಾನಲ್ಲ, ಈಗ ಅದಕ್ಕ ಹಸಿವಾಗೇತಿ” ಎಂದ. ನಾವು ಕಾಕಾ ಎನ್ನುವವರು ಅವನಿಗೆ ಮುತ್ಯಾ.

ಹಳೇ ಮನೆಯಲ್ಲಿ ಮೂತಿ ಚಾಚಿ ಕಣಿಕಿ ಎಳೆಯುತ್ತಿದ್ದ ನಮ್ಮ ಎತ್ತು ನೆನಪಾಯಿತು. ಅವನ ಹಿಂದೆಯೇ ನಾನೂ ಹೋದೆ.