ಜೇನು ಮಾರುವವರಿಗೂ ಪಾಠ

ನಮ್ಮ ಮಲೆನಾಡ ತೋಟದಲ್ಲಿ ಎಂಟು ಜೇನುಪೆಟ್ಟಿಗೆಗಳಿವೆ. ಜೇನುತುಪ್ಪ ಮಾರಬೇಕೆಂದು ಆಹಾರ ಸುರಕ್ಷತೆಯ ತರಬೇತಿಗೆ ಹೊರಟೆ. “ಜೇನು ಕೆಡುವುದೇ ಇಲ್ಲವಲ್ಲ, ಅಜ್ಜಾ?” ಎಂದಳು ಮೊಮ್ಮಗಳು. ಕೆಡುತ್ತದೆ ಪುಟ್ಟಿ! ನೀರಿನಂಶ ಹೆಚ್ಚಾದರೆ ಹುಳಿಯಾಗುತ್ತದೆ. ನಮ್ಮ ದೇಶದ ನಿಯಮದಂತೆ ಅದು ಶೇ. 20 ಮೀರಬಾರದು. ಅದಕ್ಕೇ ಜೇನುಹುಳಗಳು ಮೇಣದಿಂದ ಮುಚ್ಚಿದ ಎರಿಯಿಂದಷ್ಟೇ ತುಪ್ಪ ತೆಗೆಯಬೇಕು. ಯಂತ್ರ, ಬಾಟಲಿ ತೊಳೆದು ಪೂರ್ತಿ ಒಣಗಿರಬೇಕು.

ಅಜ್ಜ-ಅಜ್ಜಿಯರಿಗೆ ಇನ್ನೊಂದು ಮಾತು. ಹುಟ್ಟಿದ ಕೂಸಿನ ನಾಲಿಗೆಗೆ ಜೇನು ಸವರುವುದು ಹಳೆಯ ರೂಢಿ. ಆದರೆ ಎಷ್ಟೇ ಶುಚಿಯಾದ ಜೇನಿನಲ್ಲೂ ಬೊಟುಲಿಸಂ ತರುವ ಸೂಕ್ಷ್ಮಾಣುವಿನ ಬೀಜಕಗಳು ಇರಬಹುದು. ದೊಡ್ಡವರ ಹೊಟ್ಟೆ ತಡೆದುಕೊಳ್ಳುತ್ತದೆ. ಕೂಸಿನ ಎಳೆ ಕರುಳಿಗೆ ಆಗದು, ಸ್ನಾಯುಗಳು ಸೋತು ಉಸಿರಿಗೇ ಕುತ್ತು ಬರಬಹುದು. ವರ್ಷ ತುಂಬುವ ತನಕ ಒಂದು ಹನಿಯೂ ಬೇಡ. ನನ್ನ ಬಾಟಲಿಗಳ ಮೇಲಿನ ಚೀಟಿಯಲ್ಲಿ ಈಗ ಅದೇ ದಪ್ಪಕ್ಷರದಲ್ಲಿದೆ.