ಮಕ್ಕಳು ಹೊತ್ತಿಗೆ ಮನೆಗೆ ಬಾರದಿದ್ದಾಗ



ಸಂಘದ ಕಚೇರಿಗೆ ಬರುವ ಸದಸ್ಯರು ಅಡಿಕೆ ಧಾರಣೆ ವಿಚಾರಿಸಿದ ಮೇಲೆ ಇನ್ನೊಂದು ಮಾತನ್ನೂ ತೆಗೆಯುತ್ತಾರೆ: "ತುಮಕೂರಿಗೆ ಕಾಲೇಜಿಗೆ ಹೋದ ಮಕ್ಕಳು ಮನೆ ಸೇರುವ ತನಕ ಜೀವ ತಡೆಯೋಲ್ಲ, ಸೆಕ್ರೆಟರಿಗಳೇ." ಈ ಭಯ ಸುಳ್ಳಲ್ಲ. 2019-20ರಲ್ಲಿ ಗುಬ್ಬಿ, ಕುಣಿಗಲ್, ತುಮಕೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಮಕ್ಕಳೂ ಬಲಿಯಾದುದನ್ನು ನಾವಾರೂ ಮರೆತಿಲ್ಲ. ಬಸ್ಸಿಳಿದು ತೋಟದ ಮನೆಗೆ ನಡೆಯುವ ದಾರಿಯಲ್ಲಿ ದೀಪವೂ ಇರುವುದಿಲ್ಲ.

ಹಾಗೆಂದು ಮಗಳ ಓದು ಬಿಡಿಸುವುದು ಸರಿಯೇ? 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣದ ಚಿಂತೆ ತಪ್ಪಿತು. ಉಳಿದದ್ದು ಬಸ್‌ಸ್ಟಾಪಿನಿಂದ ಮನೆವರೆಗಿನ ದಾರಿ. ಅಕ್ಕಪಕ್ಕದ ನಾಲ್ಕು ಮನೆಯವರು ಸರದಿಯ ಮೇಲೆ ಟಾರ್ಚ್ ಹಿಡಿದು ಎದುರು ಹೋದರೆ ಅದೂ ಸುಲಭವಾಗುತ್ತದೆ.

ಗಂಡುಮಕ್ಕಳ ವಿಷಯದಲ್ಲಿ ನಮಗೆ ಭಯವೇ ಕಡಿಮೆ. ತಪ್ಪಾಗುವುದು ಅಲ್ಲಿಯೇ. ನಾವೂ ಆ ತಪ್ಪು ಮಾಡಿದ್ದೇವೆ. ಕೆಲವು ವರ್ಷಗಳ ಹಿಂದೆ ಹನಿ ನೀರಾವರಿ ಪೈಪಿನ ಜಾಯಿಂಟ್ ತರಲು ಹದಿನಾರರ ಮಗನ ಕೈಗೆ ಬೈಕಿನ ಕೀಲಿ ಕೊಟ್ಟು ಗುಬ್ಬಿಗೆ ಕಳುಹಿಸಿದೆವು. ಅವನು ಗೆಳೆಯನೊಡನೆ ತುಮಕೂರಿನವರೆಗೂ ಹೋಗಿ, ಬರುವಾಗ ಹೆದ್ದಾರಿಯಲ್ಲಿ ಬಿದ್ದ. ಮೊಣಕಾಲಿನಲ್ಲಿ ರಕ್ತ ಸುರಿಯುತ್ತಿದ್ದರೂ ಎರಡು ಗಂಟೆ ಟೀ ಅಂಗಡಿಯ ಹಿಂದೆ ಕುಳಿತಿದ್ದ. "ಫೋನ್ ಯಾಕೆ ಮಾಡಲಿಲ್ಲವೋ?" ಎಂದರೆ, "ನೀವು ಬೈತೀರ ಅಂತ ಅಪ್ಪಾ" ಎಂದ. ಗಾಯ ಮಾಯಿತು, ಆ ಮಾತು ನಮ್ಮಲ್ಲಿ ಇಂದಿಗೂ ಉಳಿದಿದೆ.

ಕಾನೂನನ್ನೂ ತಿಳಿದಿರೋಣ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ ಅಪ್ರಾಪ್ತರು ವಾಹನ ಓಡಿಸಿ ತಪ್ಪೆಸಗಿದರೆ ಪೋಷಕರು ಅಥವಾ ಮಾಲೀಕರಿಗೆ 3 ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗದು. ಹದಿನಾರಕ್ಕೆ ಲೈಸೆನ್ಸ್ ಸಿಗುವುದು 50 ಸಿಸಿ ಮೀರದ, ಗೇರಿಲ್ಲದ ವಾಹನಕ್ಕೆ ಮಾತ್ರ.

ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟು. ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸ್ಸು ಎಂಬುದನ್ನು ಹೊರಡುವ ಮೊದಲೇ ಕೇಳಿ ತಿಳಿಯಿರಿ. 112 ಮತ್ತು ಮಕ್ಕಳ ಸಹಾಯವಾಣಿ 1098 ಅವರಿಗೆ ಬಾಯಿಪಾಠವಾಗಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, "ಏನೇ ಆದರೂ ಮೊದಲು ನನಗೆ ಫೋನ್ ಮಾಡು, ಬೈಯುವುದಿಲ್ಲ" ಎಂದು ಇಂದೇ ಹೇಳಿ. ಫೋನ್ ಬಂದ ದಿನ ಆ ಮಾತನ್ನು ಉಳಿಸಿಕೊಳ್ಳಿ.